ಮಕ್ಕಳು ಬರೆದ ದಾಖಲೆ: ಶಾಲಾ ಪ್ರಾಜೆಕ್ಟಿನ ಚರಿತ್ರೆ

ಶಾಲೆಯ ಮಕ್ಕಳು ಒಂದು ಪ್ರಶ್ನೆಯನ್ನು ಆಯ್ದುಕೊಂಡು, ಅದರ ಉತ್ತರವನ್ನು ಪಠ್ಯಪುಸ್ತಕದಲ್ಲಿ ಅಲ್ಲದೆ ಹೊಲ, ಮನೆ, ಸಂತೆ, ಕೆರೆಯಂಗಳಗಳಲ್ಲಿ ಹುಡುಕಿ, ಕಂಡದ್ದನ್ನು ಬರೆದು ಒಪ್ಪಿಸುವ ರೂಢಿಯನ್ನು ಶಿಕ್ಷಣಶಾಸ್ತ್ರದ ಪುಸ್ತಕಗಳು ಯೋಜನಾ ಪದ್ಧತಿ ಎಂದು ಕರೆದರೆ, ಶಾಲೆಯ ಪಡಸಾಲೆಯಲ್ಲಿ ಅದಕ್ಕೆ ಇರುವ ಹೆಸರು ಪ್ರಾಜೆಕ್ಟ್ ಎಂಬುದಷ್ಟೇ. ಕರ್ನಾಟಕದಲ್ಲಿ ಅದು ಇಂದು ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ವರ್ಷಾಂತ್ಯದ ಪರೀಕ್ಷೆಗೆ ಕಾಯದೆ ಕಲಿಕೆಯ ನಡುನಡುವೆಯೇ ನಡೆಸುವ ಪರಿಶೀಲನೆಯ, ಒಂದು ಅಂಗವಾಗಿ ನೆಲೆಗೊಂಡಿರುವುದರಿಂದ ಅಂಕಗಳ ಜೊತೆಗೇ ಹುಟ್ಟಿದ ಪದ್ಧತಿಯಂತೆ ತೋರುತ್ತದೆ. ವಾಸ್ತವದಲ್ಲಿ ಇದರ ಹಿಂದೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅದರಲ್ಲಿ ದೊಡ್ಡ ಸಾಧನೆಗಳೂ ಇವೆ, ಒಂದೆರಡು ಕಟ್ಟುಕತೆಗಳೂ ಇವೆ. ಆ ಚರಿತ್ರೆಯುದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ: ಮಕ್ಕಳು ಸಂಗ್ರಹಿಸಿದ ಮಾಹಿತಿ ಅಂಕ ಹಾಕುವ ಶಿಕ್ಷಕರಲ್ಲದೆ ಬೇರೆ ಯಾರಿಗಾದರೂ ನಿಜವಾಗಿ ಬೇಕಾಗಿದ್ದಾಗ ಪ್ರಶ್ನೆ ಚಿಕ್ಕದಾಗಿಯೂ ಖಚಿತವಾಗಿಯೂ ರೂಪುಗೊಂಡಿತು, ಕೆಲಸ ಪ್ರಾಮಾಣಿಕವಾಗಿ ನಡೆಯಿತು, ಯಾರಿಗೂ ಬೇಡವಾಗಿದ್ದಾಗ ವಿಷಯ ದೊಡ್ಡದಾಯಿತು, ಕೆಲಸ ಅಲಂಕಾರಕ್ಕೆ ಇಳಿಯಿತು.

ಈ ಪದ್ಧತಿಯ ಬೇರು ಹುಡುಕಿದ ವಿದ್ವಾಂಸರು ಹದಿನಾರನೆಯ ಶತಮಾನದ ಕೊನೆಯ ರೋಮ್ ನಗರದ ಕಲಾ ಅಕಾಡೆಮಿಯವರೆಗೂ ಹೋಗುತ್ತಾರೆ. ಅಲ್ಲಿ ವಾಸ್ತುಶಿಲ್ಪ ಕಲಿಯುವವರಿಗೆ ಎಂದೂ ಕಟ್ಟಲಾಗದ ಕಟ್ಟಡದ ನಕ್ಷೆಯನ್ನು ಸ್ಪರ್ಧೆಗೆಂದು ಬರೆಸುತ್ತಿದ್ದರು, ಮುಂದೆ 1671ರಲ್ಲಿ ಆರಂಭವಾದ ಪ್ಯಾರಿಸ್ಸಿನ ವಾಸ್ತುಶಿಲ್ಪ ಅಕಾಡೆಮಿ ಅದನ್ನು ಪಾಠಕ್ರಮದ ಭಾಗವಾಗಿಸಿತು. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಡಗಿ ಕೆಲಸ, ಕಮ್ಮಾರಿಕೆಗಳನ್ನು ಕಲಿಸುವ ಶಾಲೆಗಳು ಇದನ್ನು ಎರವಲು ಪಡೆದವು. ಆದರೆ ಇವೆಲ್ಲವೂ ಕಲಿತದ್ದನ್ನು ಕೊನೆಯಲ್ಲಿ ಮಾಡಿ ತೋರಿಸುವ ಪರೀಕ್ಷೆಗಳೇ ಹೊರತು ಅಜ್ಞಾತವಾದ ಒಂದನ್ನು ಹುಡುಕುವ ಕೆಲಸಗಳಲ್ಲ.

ಹುಡುಕುವ ಅಂಶ ಸೇರಿದ್ದು ಕೃಷಿಯಿಂದ. ಮ್ಯಾಸಚೂಸೆಟ್ಸ್ ಸಂಸ್ಥಾನದ ನಾರ್ಥಾಂಪ್ಟನ್ ಊರಿನಲ್ಲಿ 1908ರಲ್ಲಿ ಆರಂಭವಾದ ಕೃಷಿ ಶಾಲೆಯ ಮುಖ್ಯಸ್ಥ ರೂಫಸ್ ಸ್ಟಿಮ್ಸನ್, ಶಾಲೆಯ ತೋಟದಲ್ಲಿ ಮಕ್ಕಳಿಂದ ಕೂಲಿ ಕೆಲಸ ಮಾಡಿಸುವುದಕ್ಕಿಂತ ಅವರವರ ಮನೆಯ ಜಮೀನಿನಲ್ಲಿಯೇ ಒಂದು ತುಂಡು ನೆಲದ ಆಲೂಗಡ್ಡೆ ಬೆಳೆಯನ್ನೋ ಒಂದಿಷ್ಟು ಕೋಳಿಗಳನ್ನೋ ಅವರ ಹೊಣೆಗೆ ಬಿಟ್ಟು, ಬಿತ್ತನೆಯಿಂದ ಮಾರಾಟದವರೆಗೆ ಖರ್ಚುವೆಚ್ಚದ ಲೆಕ್ಕವನ್ನು ಅವರಿಂದಲೇ ಬರೆಸುವುದು ಮೇಲೆಂದು ಕಂಡರು. ಇದಕ್ಕೆ ಮನೆ ಪ್ರಾಜೆಕ್ಟ್ ಎಂದು ಹೆಸರಾಯಿತು. 1917ರ ಸ್ಮಿತ್-ಹ್ಯೂಸ್ ಕಾಯಿದೆ ಕೃಷಿ ಕಲಿಯುವ ಪ್ರತಿ ವಿದ್ಯಾರ್ಥಿಗೂ ವರ್ಷಕ್ಕೆ ಕನಿಷ್ಠ ಆರು ತಿಂಗಳ ಇಂಥ ಪ್ರತ್ಯಕ್ಷ ಬೇಸಾಯವನ್ನು ಕಡ್ಡಾಯ ಮಾಡಿದಾಗ ಅದು ದೇಶವ್ಯಾಪಿಯಾಯಿತು. ಇಲ್ಲಿ ಲೆಕ್ಕ ತಪ್ಪಿದರೆ ನಷ್ಟ ಕಟ್ಟಬೇಕಾದವರು ಸ್ವಂತ ಅಪ್ಪ ಅಮ್ಮಂದಿರೇ ಆಗಿದ್ದುದರಿಂದ ದಾಖಲೆಯ ಮೇಲೆ ಮನೆಯವರ ಕಣ್ಣೂ ಇರುತ್ತಿತ್ತು.

ಶಿಕ್ಷಣದ ಪಠ್ಯಪುಸ್ತಕಗಳು ಮಾತ್ರ ಸ್ಟಿಮ್ಸನ್‌ರನ್ನು ಮರೆತು, ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್‌ರನ್ನು ಈ ಪದ್ಧತಿಯ ಜನಕನ ಸ್ಥಾನದಲ್ಲಿ ಕೂರಿಸಿವೆ. ಶಿಕಾಗೋದಲ್ಲಿ 1896ರಲ್ಲಿ ಪ್ರಯೋಗಶಾಲೆಯೊಂದನ್ನು ತೆರೆದು ಅಡುಗೆ, ನೇಯ್ಗೆ, ಮರಗೆಲಸಗಳ ಮೂಲಕ ವಿಜ್ಞಾನ ಮತ್ತು ಇತಿಹಾಸವನ್ನು ಕಲಿಸಿದ ಜಾನ್ ಡ್ಯೂಯಿಯವರ ವಿಚಾರಗಳಿಂದ ಪ್ರಭಾವಿತರಾಗಿದ್ದ ಕಿಲ್‌ಪ್ಯಾಟ್ರಿಕ್, 1918ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಮಗು ಮನಃಪೂರ್ವಕವಾಗಿ ಕೈಗೊಂಡ ಯಾವ ಕೆಲಸವೂ ಪ್ರಾಜೆಕ್ಟೇ ಎಂದು ವಿಸ್ತರಿಸಿ, ಅದಕ್ಕೆ ಉದ್ದೇಶಿಸುವುದು, ಯೋಜಿಸುವುದು, ನಡೆಸುವುದು, ಒರೆಗೆ ಹಚ್ಚುವುದು ಎಂಬ ನಾಲ್ಕು ಘಟ್ಟಗಳನ್ನು ಹೇಳಿದರು. ಇಂದಿಗೂ ಬಿ.ಎಡ್. ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಹಂತಗಳು ಹೆಚ್ಚುಕಡಿಮೆ ಇವೇ. ಬಾಯಿಪಾಠದ ವಿರುದ್ಧ ಹುಟ್ಟಿದ ಪದ್ಧತಿಗೆ ಇದು ತಕ್ಕ ಗತಿ ಎನ್ನಬೇಕು.

ಈ ಪದ್ಧತಿಯ ಅತ್ಯಂತ ಪ್ರಸಿದ್ಧ ಉದಾಹರಣೆ ಮಿಸೌರಿ ಸಂಸ್ಥಾನದ ಗ್ರಾಮೀಣ ಶಾಲೆಯೊಂದರ ವಿಷಮಶೀತಜ್ವರದ ಪ್ರಾಜೆಕ್ಟು. ಎಲ್ಸ್‌ವರ್ತ್ ಕಾಲಿಂಗ್ಸ್ 1923ರಲ್ಲಿ ಕಿಲ್‌ಪ್ಯಾಟ್ರಿಕ್‌ರ ಮುನ್ನುಡಿಯೊಂದಿಗೆ ಪ್ರಕಟಿಸಿದ ಪುಸ್ತಕದ ಪ್ರಕಾರ, ಊರಿನ ಒಂದು ಮನೆಯಲ್ಲಿ ಈ ಜ್ವರ ಏಕೆ ಮರುಕಳಿಸುತ್ತಿದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತಿ, ಆ ಮನೆಗೆ ಹೋಗಿ ಸುತ್ತಮುತ್ತ ನೋಡಿ, ನೊಣಗಳ ಕಾಟವನ್ನು ಗುರುತಿಸಿ, ನೊಣ ಹಿಡಿಯುವ ಬೋನುಗಳನ್ನು ತಾವೇ ಮಾಡಿ, ಪರಿಹಾರವನ್ನು ಮನೆಯವರಿಗೆ ಬರೆದುಕೊಟ್ಟರು. ಓದಲು ಸೊಗಸಾದ ಈ ವೃತ್ತಾಂತ ದಶಕಗಳ ಕಾಲ ದೇಶದೇಶಗಳ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಮರುಮುದ್ರಣಗೊಂಡಿತು. ಜರ್ಮನ್ ಇತಿಹಾಸಕಾರ ಮಿಖಾಯೆಲ್ ಕ್ನೋಲ್ 1996ರಲ್ಲಿ ಮೂಲ ದಾಖಲೆಗಳನ್ನು ಪರಿಶೀಲಿಸಿ, ಆ ಪ್ರಯೋಗ ಪುಸ್ತಕದಲ್ಲಿ ಹೇಳಿದ ರೀತಿಯಲ್ಲಿ ನಡೆದಿರಲಿಲ್ಲವೆಂದೂ, ಮಕ್ಕಳ ಸ್ವಾತಂತ್ರ್ಯವೆಂದು ಹೊಗಳಿಸಿಕೊಂಡದ್ದು ಬಹುಪಾಲು ಹಿರಿಯರು ಕಟ್ಟಿದ ಕತೆಯೆಂದೂ ವಾದಿಸಿದರು. ಶಿಕ್ಷಣದ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮಕ್ಕಳ ಪ್ರಾಜೆಕ್ಟನ್ನು ದೊಡ್ಡವರು ಮಾಡಿಕೊಡುವ ಪರಿಪಾಠ ಇತ್ತೀಚಿನ ತಂದೆತಾಯಿಗಳ ದೌರ್ಬಲ್ಯವಲ್ಲ. ಪದ್ಧತಿಯ ಮೊದಲ ಕೀರ್ತಿಸ್ತಂಭದ ಅಡಿಪಾಯದಲ್ಲಿಯೇ ಅದು ಸೇರಿಕೊಂಡಿರುವ ಸಾಧ್ಯತೆಯಿದೆ.

ಸೋವಿಯತ್ ಒಕ್ಕೂಟ 1920ರ ದಶಕದಲ್ಲಿ ಇದೇ ಪದ್ಧತಿಯನ್ನು ಅತ್ಯುತ್ಸಾಹದಿಂದ ಅಪ್ಪಿಕೊಂಡು, ಮಕ್ಕಳಿಗೆ ಓದುಬರಹ, ಲೆಕ್ಕಗಳ ಬುನಾದಿಯೇ ಸಡಿಲವಾಗುತ್ತಿದೆಯೆಂಬ ಕಾರಣ ಕೊಟ್ಟು 1931ರ ಪಕ್ಷದ ನಿರ್ಣಯವೊಂದರ ಮೂಲಕ ಅಷ್ಟೇ ವೇಗವಾಗಿ ಕೈಬಿಟ್ಟಿತು.

ಇದೇ ಹೊತ್ತಿಗೆ, ಯೋಜನಾ ಪದ್ಧತಿಯೆಂಬ ಬಾವುಟ ಹಿಡಿಯದೆಯೇ, ಬ್ರಿಟನ್ನಿನ ಭೂಗೋಳ ಶಿಕ್ಷಕರು ಶಾಲಾ ಮಕ್ಕಳ ಸಂಶೋಧನೆಯ ಅತ್ಯಂತ ದೊಡ್ಡ ಕೆಲಸವೊಂದನ್ನು ನಡೆಸುತ್ತಿದ್ದರು. ಲಂಡನ್ನಿನ ಭೂಗೋಳ ವಿದ್ವಾಂಸ ಡಡ್ಲಿ ಸ್ಟಾಂಪ್ 1930ರಲ್ಲಿ ಆರಂಭಿಸಿದ ಭೂಬಳಕೆ ಸಮೀಕ್ಷೆಯ ಗುರಿ, ದೇಶದ ಪ್ರತಿಯೊಂದು ಹೊಲ, ಕಾಡು, ಹುಲ್ಲುಗಾವಲು ಆ ಕ್ಷಣದಲ್ಲಿ ಯಾವ ಉಪಯೋಗದಲ್ಲಿದೆ ಎಂಬುದನ್ನು ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದ ನಕ್ಷೆಯಲ್ಲಿ ಗುರುತಿಸುವುದಾಗಿತ್ತು. ಅಷ್ಟು ಜನ ಸಮೀಕ್ಷಕರನ್ನು ನೇಮಿಸಲು ಹಣವಿರಲಿಲ್ಲ, ಆದರೆ ಊರೂರಲ್ಲಿ ಶಾಲೆಗಳಿದ್ದವು. ನಾರ್ಥಾಂಪ್ಟನ್‌ಶೈರಿನ ಶಾಲೆಗಳು ತಮ್ಮ ಜಿಲ್ಲೆಯಲ್ಲಿ ಇಂಥ ನಕ್ಷೆಯನ್ನು ಆಗಲೇ ಮಾಡಿ ತೋರಿಸಿದ್ದವು. ಹೀಗಾಗಿ ಸುಮಾರು ಎರಡೂವರೆ ಲಕ್ಷ ಮಕ್ಕಳು ಶಿಕ್ಷಕರೊಂದಿಗೆ ನಕ್ಷೆಯ ಹಾಳೆ ಹಿಡಿದು ತಮ್ಮ ಊರಿನ ಎಲ್ಲೆಯೊಳಗೆ ನಡೆದಾಡಿದರೆಂದು ಅಂದಾಜು.

ಆ ಮಕ್ಕಳ ಕೈಗೆ ಕೊಟ್ಟ ಸೂಚನೆ ಗಮನಿಸತಕ್ಕದ್ದು. ಉಳುಮೆಯ ಭೂಮಿಗೆ ಒಂದು ಅಕ್ಷರ, ಹುಲ್ಲುಗಾವಲಿಗೆ ಒಂದು, ಕಾಡಿಗೆ ಒಂದು, ಕುರುಚಲು ಬೀಳಿಗೆ ಒಂದು, ಮನೆ ತೋಟಕ್ಕೆ ಒಂದು, ಕಟ್ಟಡ, ಗಣಿ ಮುಂತಾಗಿ ಬೇಸಾಯಕ್ಕೆ ಒದಗದ ನೆಲಕ್ಕೆ ಒಂದು, ಹೀಗೆ ಕೆಲವೇ ಅಕ್ಷರಗಳು. ಕರ್ನಾಟಕದ ಕಂದಾಯ ದಾಖಲೆಯ ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆಯನ್ನು ಬಲ್ಲವರಿಗೆ ಈ ಸರಳತೆಯ ಬೆಲೆ ತಿಳಿಯುತ್ತದೆ: ಹನ್ನೆರಡು ವರ್ಷದ ಹುಡುಗಿ ಬೇಲಿಯ ಬಳಿ ನಿಂತು ನೋಡಿದರೆ ಉತ್ತರ ಸಿಗುತ್ತದೆ, ಪಕ್ಕದ ಊರಿನ ಹುಡುಗ ಅದನ್ನು ಪರೀಕ್ಷಿಸಿದರೆ ಅದೇ ಉತ್ತರ ಬರುತ್ತದೆ, ಎರಡೂ ನಕ್ಷೆಗಳು ಅಂಚಿಗೆ ಅಂಚು ಕೂಡುತ್ತವೆ. ಬಹುಪಾಲು ಕ್ಷೇತ್ರಕಾರ್ಯ 1934ರ ಹೊತ್ತಿಗೆ ಮುಗಿಯಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಸಂಚಾರಕ್ಕೆ ಅಡ್ಡಿಯಾಗಿ ಹೊರಗಿನ ಧಾನ್ಯ ದುರ್ಲಭವಾದಾಗ, ಯಾವ ಹುಲ್ಲುಗಾವಲನ್ನು ಉತ್ತು ಬಿತ್ತಬಹುದೆಂದು ನಿರ್ಧರಿಸಲು ಸರ್ಕಾರಕ್ಕೆ ಈ ನಕ್ಷೆಗಳು ಒದಗಿದವು. ಸ್ಟಾಂಪ್ 1948ರಲ್ಲಿ ಇಡೀ ಸಮೀಕ್ಷೆಯ ಸಾರವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು.

ಭೂಗೋಳದಲ್ಲಿ ಬ್ರಿಟನ್ ಮಾಡಿದ್ದನ್ನು ಭಾಷೆ ಮತ್ತು ಇತಿಹಾಸದಲ್ಲಿ ಐರ್ಲೆಂಡ್ ಮಾಡಿತು. ಆಳದ ದೃಷ್ಟಿಯಿಂದ ಅದು ಇನ್ನೂ ದೊಡ್ಡದು. ಹೊಸದಾಗಿ ಸ್ವತಂತ್ರವಾಗಿದ್ದ ಆ ದೇಶದ ಜಾನಪದ ಆಯೋಗ 1937ರಿಂದ 1939ರವರೆಗೆ, ಶಿಕ್ಷಣ ಇಲಾಖೆ ಮತ್ತು ಶಿಕ್ಷಕರ ಸಂಘದ ನೆರವಿನಿಂದ, ಇಪ್ಪತ್ತಾರು ಕೌಂಟಿಗಳ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಗಳ, ಅಂದರೆ ಹನ್ನೊಂದರಿಂದ ಹದಿನಾಲ್ಕು ವರ್ಷದ, ಮಕ್ಕಳಿಂದ ಊರಿನ ಹಿರಿಯರ ನೆನಪುಗಳನ್ನು ಬರೆಸಿತು. ವಾರದ ಪ್ರಬಂಧ ಬರೆಯುವ ತರಗತಿಯನ್ನೇ ಇದಕ್ಕೆ ಬಿಟ್ಟುಕೊಡಲಾಯಿತು. ಏನು ಕೇಳಬೇಕೆಂದು ಶಿಕ್ಷಕರಿಗೆ ಒಂದು ಕಿರುಪುಸ್ತಿಕೆ ಕಳಿಸಲಾಗಿತ್ತು: ಊರಿನ ಪವಿತ್ರ ಬಾವಿಗಳು, ಹೂತಿಟ್ಟ ನಿಧಿಯ ಕತೆಗಳು, ಮನೆಮದ್ದು, ಮಳೆಯ ಮುನ್ಸೂಚನೆಗಳು, ಹಳೆಯ ಕಸುಬುಗಳು, ಜಾತ್ರೆಗಳು, ಆಟಗಳು, 1840ರ ದಶಕದ ಭೀಕರ ಬರಗಾಲದ ನೆನಪು. ಪ್ರತಿ ಶೀರ್ಷಿಕೆಯ ಕೆಳಗೂ ನೇರವಾದ ಕಿರುಪ್ರಶ್ನೆಗಳಿದ್ದವು; ಬಾವಿ ಎಲ್ಲಿದೆ, ಯಾವ ದಿನ ಜನ ಹೋಗುತ್ತಾರೆ, ಅಲ್ಲಿ ಏನನ್ನು ಬಿಟ್ಟುಬರುತ್ತಾರೆ ಎಂಬಂಥವು.

ಮಗು ಸಂಜೆ ಮನೆಯಲ್ಲಿಯೋ ನೆರೆಯಲ್ಲಿಯೋ ಅಜ್ಜಿ, ತಾತಂದಿರನ್ನು ಕೇಳಿ ಮನೆಪಾಠದ ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿತ್ತು. ಶಿಕ್ಷಕರು ಅವುಗಳಲ್ಲಿ ಉತ್ತಮವಾದವನ್ನು ಆಯ್ದು ಆಯೋಗ ಕಳಿಸಿದ ದೊಡ್ಡ ದಫ್ತರಕ್ಕೆ ನಕಲು ಮಾಡಿಸುತ್ತಿದ್ದರು. ಬರೆದ ಮಗುವಿನ ಹೆಸರಿನ ಜೊತೆಗೆ ಹೇಳಿದ ಹಿರಿಯರ ಹೆಸರು, ಊರುಗಳನ್ನೂ ನಮೂದಿಸುವುದು ರೂಢಿಯಾಗಿತ್ತು. ಸಂಶೋಧನೆಯಲ್ಲಿ ಮಾಹಿತಿದಾರ, ಅಂದರೆ ತಿಳಿದದ್ದನ್ನು ಹೇಳಿದ ವ್ಯಕ್ತಿ, ಯಾರೆಂದು ದಾಖಲಿಸದ ಹೇಳಿಕೆಗೆ ಬೆಲೆಯಿಲ್ಲ ಎಂಬ ನಿಯಮವನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಮರೆಯುವುದುಂಟು. ಇಲ್ಲಿ ಅದನ್ನು ಹಳ್ಳಿಯ ಶಾಲೆಗಳು ಪಾಲಿಸಿದವು. ಮಕ್ಕಳ ಮೂಲ ಪುಸ್ತಕಗಳೂ ನಕಲಾದ ಸಂಪುಟಗಳೂ ಸೇರಿ ಸುಮಾರು 7,40,000 ಪುಟಗಳ ಈ ಸಂಗ್ರಹ ಇಂದು ಡಬ್ಲಿನ್ನಿನಲ್ಲಿದೆ, ಸಂಪುಟಗಳು ಅಂತರ್ಜಾಲದಲ್ಲಿಯೂ ಲಭ್ಯವಿವೆ. ಆಯೋಗದ ಸಮಗ್ರ ಸಂಗ್ರಹವನ್ನು 2017ರಲ್ಲಿ ಯುನೆಸ್ಕೋ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು.

ಇದೇ ಕಾಲದ ಕನ್ನಡ ನಾಡಿನಲ್ಲಿ ಇಂಥ ಕೆಲಸಕ್ಕೆ ಬೇಕಾದ ಹುರುಪಿಗೆ ಕೊರತೆಯಿರಲಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಬೀಸುವ, ಕುಟ್ಟುವ ಪದಗಳನ್ನು ಬರೆದುಕೊಂಡು 1931ರಲ್ಲಿ ಗರತಿಯ ಹಾಡು ಸಂಕಲನವನ್ನು ಹೊರತಂದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸುತ್ತ, 1936ರಲ್ಲಿ ಬಾಲಪ್ರಪಂಚದ ಸಂಪುಟಗಳನ್ನು ಪ್ರಕಟಿಸಿದರು. ಆದರೆ ಹಲವು ಭಿನ್ನ ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡಿಗೆ ಒಂದೇ ಶಿಕ್ಷಣ ಇಲಾಖೆಯೂ ಇರಲಿಲ್ಲ, ವ್ಯಕ್ತಿಗಳ ಈ ಶ್ರಮ ತರಗತಿಯ ಕೆಲಸವಾಗಿ ಐರ್ಲೆಂಡಿನ ಪ್ರಮಾಣದಲ್ಲಿ ಹರಡಲೂ ಇಲ್ಲ. ಆ ಅವಕಾಶ ಕೈತಪ್ಪಿದ್ದು ಸಣ್ಣ ನಷ್ಟವಲ್ಲ.

ಭಾರತದ ಶಾಲೆಗಳಿಗೆ ಯೋಜನಾ ಪದ್ಧತಿ ಬಂದದ್ದು ಪಂಜಾಬಿನ ಮೋಗಾದಲ್ಲಿದ್ದ ಅಮೆರಿಕನ್ ಮಿಷನರಿಗಳ ಗ್ರಾಮಶಿಕ್ಷಕರ ತರಬೇತಿ ಶಾಲೆಯ ಮೂಲಕ. 1920ರ ದಶಕದಲ್ಲಿ ಅಲ್ಲಿ ಹಳ್ಳಿಯ ಮನೆ, ಹಳ್ಳಿಯ ಅಂಗಡಿ, ಹಳ್ಳಿಯ ಹೊಲ ಎಂಬ ವಿಷಯಗಳ ಸುತ್ತ ಇಡೀ ತರಗತಿಯ ಓದು, ಬರಹ, ಲೆಕ್ಕಗಳನ್ನು ಹೆಣೆಯುತ್ತಿದ್ದರು. ರವೀಂದ್ರನಾಥ ಠಾಕೂರರು 1924ರಲ್ಲಿ ಆರಂಭಿಸಿದ ಶಿಕ್ಷಾಸತ್ರವೂ ಇದಕ್ಕೆ ಹತ್ತಿರದ್ದೇ. ಇವೆರಡಕ್ಕಿಂತ ವ್ಯಾಪಕ ಪರಿಣಾಮ ಬೀರಿದ್ದು 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನ. ಗಾಂಧೀಜಿಯವರ ಸಲಹೆಯ ಮೇರೆಗೆ ಜಾಕಿರ್ ಹುಸೇನರ ಸಮಿತಿ ರೂಪಿಸಿದ ಮೂಲಶಿಕ್ಷಣದಲ್ಲಿ ಎಲ್ಲ ವಿಷಯಗಳೂ ಒಂದು ಕಸುಬಿನಿಂದ ಹೊರಡಬೇಕಿತ್ತು. ಹೀಗೆ ಒಂದು ಕೆಲಸಕ್ಕೆ ಹಲವು ಪಾಠಗಳನ್ನು ಪೋಣಿಸುವುದಕ್ಕೆ ಸಮವಾಯ ಎಂಬ ಹೆಸರು ಬಂದಿತು.

ತಕಲಿಯಿಂದ ನೂಲು ತೆಗೆದ ಮಗು ಅದರ ನಂಬರನ್ನು, ಅಂದರೆ ನೂಲು ಎಷ್ಟು ನಯವೆಂಬುದರ ಅಳತೆಯನ್ನು, ಕಂಡುಹಿಡಿಯಬೇಕಾದರೆ 840 ಗಜ ಉದ್ದದ ಎಷ್ಟು ಲಡಿಗಳು ಒಂದು ಪೌಂಡು ತೂಗುತ್ತವೆಂದು ಲೆಕ್ಕ ಹಾಕಬೇಕು. ಅಷ್ಟು ನೂಲು ಕೈಯಲ್ಲಿಲ್ಲದಿದ್ದಾಗ ಇರುವಷ್ಟನ್ನೇ ಅಳೆದು, ತೂಗಿ, ತ್ರೈರಾಶಿಯಿಂದ ಮುಂದುವರಿಯಬೇಕು. ಇಲ್ಲಿ ಗಣಿತ ನಿಜವಾಗಿಯೂ ಕೆಲಸದ ಒಳಗಿನಿಂದ ಹುಟ್ಟುತ್ತದೆ. ಹತ್ತಿಯ ನೆಪದಲ್ಲಿ ಈಜಿಪ್ಟಿನ ಭೂಗೋಳವನ್ನು, ಅಲ್ಲಿಂದ ಪಿರಮಿಡ್ಡುಗಳನ್ನು ಎಳೆದು ತರಬೇಕಾಗಿ ಬಂದಾಗ ಮಾತ್ರ ಸಮವಾಯ ಹಗ್ಗಜಗ್ಗಾಟವಾಯಿತು. ಸ್ವಾತಂತ್ರ್ಯಾನಂತರ ಮೂಲಶಿಕ್ಷಣ ಹೆಸರಿಗೆ ಉಳಿದು ಕ್ರಮೇಣ ಮಂಕಾಗಲು ಕಾರಣಗಳು ಹಲವು. ಮಗು ನೂತ ನೂಲನ್ನು ಕೊಳ್ಳುವವರು ಯಾರೆಂಬ ಪ್ರಶ್ನೆ ಅವುಗಳಲ್ಲಿ ಚಿಕ್ಕದೇನಲ್ಲ.

ಕಸುಬಿನ ಬದಲು ಪ್ರಶ್ನೆಯನ್ನೇ ನಡುವಿಟ್ಟ ಪ್ರಯತ್ನ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾಯಿತು. ಅನಿಲ್ ಸದ್ಗೋಪಾಲ್ ಮತ್ತು ಸಂಗಡಿಗರ ಕಿಶೋರ ಭಾರತಿ, ರಸೂಲಿಯಾದ ಫ್ರೆಂಡ್ಸ್ ಗ್ರಾಮೀಣ ಕೇಂದ್ರ ಎಂಬ ಎರಡು ಸಂಸ್ಥೆಗಳು ರಾಜ್ಯ ಸರ್ಕಾರದ ಒಪ್ಪಿಗೆಯೊಂದಿಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಜೊತೆಗೂಡಿಸಿಕೊಂಡು ನಡೆಸಿದ ಈ ಕಾರ್ಯಕ್ರಮದಲ್ಲಿ ಬಾಲ ವೈಜ್ಞಾನಿಕ ಎಂಬ ಪುಸ್ತಕವಿತ್ತು, ಆದರೆ ಅದರಲ್ಲಿ ಉತ್ತರಗಳಿರಲಿಲ್ಲ. ಪ್ರಯೋಗ ಮಾಡಿ, ಪಕ್ಕದ ಗುಂಪಿನ ಫಲಿತಾಂಶದೊಂದಿಗೆ ಹೋಲಿಸಿ, ಚರ್ಚಿಸಿದ ಮೇಲೆಯೇ ಮುಂದಿನ ವಾಕ್ಯ ಬರೆಯಲು ಸಾಧ್ಯವಿತ್ತು. ಅಳತೆಯಲ್ಲಿ ವ್ಯತ್ಯಾಸ ಬಂದೇ ಬರುತ್ತದೆ, ಅದು ತಪ್ಪಲ್ಲ, ಆ ವ್ಯತ್ಯಾಸವನ್ನೂ ದಾಖಲಿಸಬೇಕು ಎಂಬ ಪಾಠ ಹಳ್ಳಿಯ ಆರನೆಯ ತರಗತಿಗೆ ತಲುಪಿದ್ದು ಹೀಗೆ. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಪ್ರಾಯೋಗಿಕ ಭಾಗವೂ ಇತ್ತು. ಮಕ್ಕಳು ತಮ್ಮ ಸಂದೇಹಗಳನ್ನು ಸವಾಲೀರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಪತ್ರದಲ್ಲಿ ಬರೆಯುತ್ತಿದ್ದರು, ಉತ್ತರ ಬರುತ್ತಿತ್ತು.

ದುಬಾರಿ ಉಪಕರಣಗಳಿಲ್ಲದೆ ಇದೆಲ್ಲ ನಡೆಯಬೇಕಾಗಿದ್ದುದರಿಂದ ಊರಿನ ಸಂತೆಯಲ್ಲಿ ಸಿಗುವ ಸಾಮಗ್ರಿಯೇ ಆಧಾರವಾಯಿತು. ಇಲ್ಲಿಗೆ 1978ರಲ್ಲಿ ಬಂದ ಎಂಜಿನಿಯರ್ ಅರವಿಂದ ಗುಪ್ತಾ ಸೈಕಲ್ಲಿನ ವಾಲ್ವ್ ಟ್ಯೂಬಿನ ಚಿಕ್ಕ ತುಂಡುಗಳಲ್ಲಿ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ತ್ರಿಕೋನ, ಚೌಕ, ಘನಾಕೃತಿಗಳನ್ನು ಕಟ್ಟುವ ವಿಧಾನವನ್ನು ರೂಪಿಸಿದರು. ತ್ರಿಕೋನವನ್ನು ಒತ್ತಿದರೆ ಆಕಾರ ಕೆಡುವುದಿಲ್ಲ, ಚೌಕವನ್ನು ಒತ್ತಿದರೆ ಓರೆಯಾಗಿ ವಾಲುತ್ತದೆ. ಚೌಕಕ್ಕೆ ಕರ್ಣದ ಉದ್ದದ ಒಂದು ಕಡ್ಡಿ ಸೇರಿಸಿದ ಕೂಡಲೇ ಗಟ್ಟಿಯಾಗುತ್ತದೆ. ಸೇತುವೆಯ, ವಿದ್ಯುತ್ ಗೋಪುರದ ಕಬ್ಬಿಣದ ಪಟ್ಟಿಗಳು ಏಕೆ ಹಾಗೆ ಅಡ್ಡಡ್ಡ ಇರುತ್ತವೆಂಬುದಕ್ಕೆ ಇದಕ್ಕಿಂತ ಅಗ್ಗದ ವಿವರಣೆ ಇಲ್ಲ. ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ, 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿದ ಮೇಲೆ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ಮೂರು ದಶಕ ನಡೆದ ಮೇಲೆ 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಅದರ ಪ್ರಭಾವ ಮಾತ್ರ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಚರ್ಚೆಗಳಲ್ಲಿ ಜೀವಂತವಾಗಿತ್ತು.

ಕರ್ನಾಟಕದಲ್ಲಿ ಮಕ್ಕಳಿಗೆ ವಿಜ್ಞಾನವನ್ನು ಪ್ರತ್ಯಕ್ಷವಾಗಿ ತೋರಿಸುವ ಏರ್ಪಾಡಿಗೆ ಎರಡು ಹೊಳೆಗಳಿವೆ. ಒಂದು ಪ್ರದರ್ಶನದ್ದು: ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1962ರಲ್ಲಿ ಆರಂಭವಾಯಿತು, ಮಕ್ಕಳ ರಾಷ್ಟ್ರೀಯ ವಿಜ್ಞಾನ ವಸ್ತುಪ್ರದರ್ಶನಗಳು 1971ರಲ್ಲಿ ದೆಹಲಿಯಿಂದ ಮೊದಲಾದವು, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸ್ಪರ್ಧೆಗಳೂ ಬೆಳೆದವು. ಇನ್ನೊಂದು ಸ್ವಯಂಸೇವಾ ವಿಜ್ಞಾನ ಚಳವಳಿಯದು: 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಬಾಲ ವಿಜ್ಞಾನ ಮಾಸಪತ್ರಿಕೆಯ ಮೂಲಕವೂ ಹೈಸ್ಕೂಲು ಶಿಕ್ಷಕರ ಜಾಲದ ಮೂಲಕವೂ ಕನ್ನಡದಲ್ಲಿಯೇ ವಿಜ್ಞಾನದ ಮಾತುಕತೆಯನ್ನು ಹಳ್ಳಿಗಳಿಗೆ ಒಯ್ದಿತು. ಪ್ರದರ್ಶನದಲ್ಲಿ ಮಾದರಿ ಮುಖ್ಯ, ಅಂದರೆ ಈಗಾಗಲೇ ತಿಳಿದ ತತ್ವವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ವಸ್ತು ಮುಖ್ಯ. ಸಂಶೋಧನೆಯಲ್ಲಿ ಪ್ರಶ್ನೆ ಮುಖ್ಯ. ಈ ಭೇದವನ್ನು ಶಾಲೆಗಳು ಹೆಚ್ಚಾಗಿ ಗಮನಿಸದೆ ಎರಡನ್ನೂ ಪ್ರಾಜೆಕ್ಟ್ ಎಂಬ ಒಂದೇ ಚೀಲಕ್ಕೆ ತುಂಬಿದವು.

ಆ ಭೇದವನ್ನು ನಿಯಮವಾಗಿಯೇ ಮುಂದಿಟ್ಟದ್ದು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಗ್ವಾಲಿಯರಿನಲ್ಲಿ ಚಿಕ್ಕ ಪ್ರಮಾಣದಲ್ಲಿ ಮೊದಲಾದ ಈ ಪ್ರಯತ್ನವನ್ನು ಕೇಂದ್ರ ಸರ್ಕಾರದ ವಿಜ್ಞಾನ ಸಂವಹನ ಮಂಡಳಿಯೂ ಸ್ವಯಂಸೇವಾ ಸಂಸ್ಥೆಗಳ ಜಾಲವೂ ಸೇರಿ 1993ರಿಂದ ದೇಶದಾದ್ಯಂತ ನಡೆಸತೊಡಗಿದವು. ಕರ್ನಾಟಕದಲ್ಲಿ ಇದರ ಹೊಣೆಯನ್ನು ವಿಜ್ಞಾನ ಪರಿಷತ್ತು ಹೊತ್ತಿತು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಗುಂಪಾಗಿ, ಒಬ್ಬ ಮಾರ್ಗದರ್ಶಕ ಶಿಕ್ಷಕರ ನೆರವಿನಿಂದ, ಎರಡು ವರ್ಷಗಳಿಗೊಮ್ಮೆ ಬದಲಾಗುವ ಒಂದು ಮುಖ್ಯ ವಿಷಯದಡಿ ತಮ್ಮ ಸುತ್ತಲಿನ ಸಮಸ್ಯೆಯೊಂದನ್ನು ಆಯ್ದು ಅಧ್ಯಯನ ಮಾಡಬೇಕು. ತಮ್ಮ ಭಾಷೆಯಲ್ಲಿಯೇ ವರದಿ ಬರೆದು ಮಂಡಿಸಬಹುದು. ದಿನದಿನದ ಕೆಲಸವನ್ನು ದಿನಚರಿಯ ಪುಸ್ತಕದಲ್ಲಿ ದಾಖಲಿಸಬೇಕು. ವಸ್ತುಪ್ರದರ್ಶನದ ಹೊಳಪಿಗೆ ಇಲ್ಲಿ ಜಾಗವಿಲ್ಲ, ತೀರ್ಪುಗಾರರು ಮೊದಲು ತಿರುವಿ ಹಾಕಬೇಕಾದದ್ದು ಆ ದಿನಚರಿಯನ್ನೇ. ಜಿಲ್ಲೆ, ರಾಜ್ಯಗಳ ಹಂತ ದಾಟಿದವರು ರಾಷ್ಟ್ರೀಯ ಸಮಾವೇಶಕ್ಕೆ ಹೋಗುತ್ತಾರೆ. 2014ರಲ್ಲಿ ಹವೆ ಮತ್ತು ವಾಯುಗುಣವನ್ನು ಅರಿಯುವುದು ಎಂಬ ವಿಷಯದ ಮೇಲಿನ ಸಮಾವೇಶ ಬೆಂಗಳೂರಿನಲ್ಲಿಯೇ ನಡೆಯಿತು.

ಅಂಥ ವಿಷಯವೊಂದನ್ನು ಹಿಡಿದ ಶಾಲೆಯ ಮುಂದೆ ಆಯ್ಕೆಯ ಕಷ್ಟ ಹೇಗೆ ಎದುರಾಗುತ್ತದೆಂದು ಬಿಡಿಸಿ ನೋಡಬಹುದು. ವಾಯುಗುಣ ಬದಲಾವಣೆ ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. ಹತ್ತು ಪುಟ ತುಂಬಿಸಲು ಅದು ಅನುಕೂಲ, ಒಂದು ದಿನದ ಕೆಲಸಕ್ಕೂ ಅದು ದಾರಿ ತೋರಿಸದು. ಊರಿನ ಕೆರೆ ಕಳೆದ ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಕೋಡಿ ಬಿದ್ದಿದೆ ಎಂಬುದು ಪ್ರಶ್ನೆ; ಅದಕ್ಕೆ ಹಿರಿಯರ ನೆನಪು, ಕೋಡಿ ಬಿದ್ದಾಗ ಮಾಡಿದ ಗಂಗಾಪೂಜೆಯ ನೆನಪು, ತಾಲ್ಲೂಕು ಕಚೇರಿಯ ಮಳೆಯ ಅಂಕಿಗಳು ಎಂಬ ಮೂರು ಆಧಾರಗಳನ್ನು ಒಂದಕ್ಕೊಂದು ಹಿಡಿದು ನೋಡಬಹುದು, ಅವು ಹೊಂದದಿದ್ದರೆ ಅದೇ ಒಂದು ಶೋಧ. ಮಳೆಯನ್ನು ಸ್ವತಃ ಅಳೆಯುವುದಾದರೆ ಬಾಯಿಯೂ ತಳವೂ ಒಂದೇ ಅಗಲವಿರುವ ನೇರ ಪಾತ್ರೆಯನ್ನು ಮರ, ಸೂರುಗಳಿಂದ ದೂರ ಬಯಲಿನಲ್ಲಿಟ್ಟು, ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಓದಿ ಚೆಲ್ಲಿದರೆ ಸಾಕು. ಪಾತ್ರೆ ದೊಡ್ಡದೋ ಚಿಕ್ಕದೋ ಎಂಬುದು ಆಳವನ್ನು ಬದಲಿಸುವುದಿಲ್ಲ. ಬಾಯಿ ಅಗಲವಾಗಿ ತಳ ಕಿರಿದಾದ ಬಕೆಟ್ಟನ್ನು ಇಟ್ಟ ಶಾಲೆಯ ಅಂಕಿ ಮಾತ್ರ ಏರುಪೇರಾಗುತ್ತದೆ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿರುವುದರಿಂದ ಮಕ್ಕಳ ಅಂಕಿಯನ್ನು ಅದರೊಂದಿಗೆ ಹೋಲಿಸುವುದೂ ಸಾಧ್ಯ.

ವಿಜ್ಞಾನವೊಂದಕ್ಕೇ ಈ ಅನುಕೂಲವಿದೆ ಎಂದೇನೂ ಅಲ್ಲ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆ ಕೊಟ್ಟಿರುವುದರಿಂದ, ಹಳೆಯ ಮೈಸೂರು ಸೀಮೆಯ ಯಾವ ಹೈಸ್ಕೂಲಿನ ವಿದ್ಯಾರ್ಥಿಯೂ ತನ್ನ ಊರಿನ ಹೆಸರನ್ನು ಅಲ್ಲಿ ಹುಡುಕಿ, ನಮೂದಾದ ವೀರಗಲ್ಲೋ ದಾನಶಾಸನವೋ ಇಂದು ಅದೇ ಜಾಗದಲ್ಲಿದೆಯೇ, ಬಟ್ಟೆ ಒಗೆಯುವ ಕಲ್ಲಾಗಿದೆಯೇ, ರಸ್ತೆಯ ಕೆಳಗೆ ಹೋಗಿದೆಯೇ ಎಂದು ನೋಡಿ ಬರೆಯಬಹುದು. ಸಮಾಜ ವಿಜ್ಞಾನದ ಪಠ್ಯದಲ್ಲಿ ಸ್ಥಳೀಯ ಇತಿಹಾಸದ ಚಟುವಟಿಕೆಗೆ ಸೂಚನೆ ಇದ್ದೇ ಇರುತ್ತದೆ. ಅದಕ್ಕೆ ಹೀಗೆ ಕೈಗೆಟಕುವ ಆಧಾರವೊಂದನ್ನು ತೋರಿಸುವ ಶಿಕ್ಷಕರು ಇದ್ದ ಕಡೆ ಅದು ಸಂಶೋಧನೆಯಾಗುತ್ತದೆ.

ಅಂಕದ ಯುಗ ಆರಂಭವಾದದ್ದು ಇತ್ತೀಚೆಗೆ. ಸುಪ್ರೀಂ ಕೋರ್ಟು 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ನೀಡಿದ ನಿರ್ದೇಶನ, 2005ರ ಪಠ್ಯಕ್ರಮ ಚೌಕಟ್ಟು, ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕೆಂದೂ ಮೌಲ್ಯಮಾಪನ ನಿರಂತರವಾಗಿಯೂ ಸಮಗ್ರವಾಗಿಯೂ ಇರಬೇಕೆಂದೂ ವಿಧಿಸಿದ 2009ರ ಶಿಕ್ಷಣ ಹಕ್ಕು ಕಾಯಿದೆ, ಇವೆಲ್ಲ ಸೇರಿ ಪ್ರಾಜೆಕ್ಟನ್ನು ಪ್ರತಿ ಮಗುವಿನ, ಪ್ರತಿ ವಿಷಯದ ಕಡ್ಡಾಯ ಕೆಲಸವಾಗಿಸಿದವು, ಎಸ್.ಎಸ್.ಎಲ್.ಸಿ.ಯ ಬಹುತೇಕ ವಿಷಯಗಳಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಆರೇಳು ವಿಷಯಗಳಿಗೆ ವರ್ಷಕ್ಕೆ ಹಲವು ಸಲ, ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ, ಒಂದೇ ದಿನಾಂಕಕ್ಕೆ ಒಪ್ಪಿಸಬೇಕಾದ ಸಂಶೋಧನೆ ಸಂಶೋಧನೆಯಾಗಿ ಉಳಿಯಲಾರದು. ಪ್ರತಿ ಪಟ್ಟಣದ ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿಗಳು ಈ ಬೇಡಿಕೆಯನ್ನು ಕೂಡಲೇ ಗುರುತಿಸಿದವು: ಬಣ್ಣದ ಚಾರ್ಟು, ಕತ್ತರಿಸಿ ಅಂಟಿಸಲು ರಾಷ್ಟ್ರನಾಯಕರ ಚಿತ್ರಗಳ ಹಾಳೆ, ಥರ್ಮೋಕೋಲಿನ ಸೌರವ್ಯೂಹ, ಅಡುಗೆ ಸೋಡಾ ಸುರಿದರೆ ಉಕ್ಕುವ ಜ್ವಾಲಾಮುಖಿ, ಎಲ್ಲವೂ ಸಿದ್ಧ. ಅಂತರ್ಜಾಲದಿಂದ ಇಳಿಸಿಕೊಂಡ ಬರಹಕ್ಕೆ ಸುರುಳಿ ಬೈಂಡಿಂಗ್ ಹಾಕಿಸಿದರೆ ಕೆಲಸ ಮುಗಿಯಿತು. ಈ ವ್ಯಾಪಾರವನ್ನು ದೂರುವುದು ಸುಲಭ. ಅದನ್ನು ಸೃಷ್ಟಿಸಿದ್ದು ಮಾತ್ರ ಅಂಗಡಿಯವರಲ್ಲ. ಮೌಲ್ಯಮಾಪನ ಮುಗಿದ ಮೇಲೆ ಆ ವರದಿಗಳನ್ನು ಯಾರೂ ಓದುವುದಿಲ್ಲವೆಂಬುದು ಮಕ್ಕಳಿಗೂ ಗೊತ್ತಿದ್ದ ವ್ಯವಸ್ಥೆಯೇ ಸೃಷ್ಟಿಸಿತು.

ಓದುವವರಿರುವ ಏರ್ಪಾಡುಗಳು ಇದರ ಪಕ್ಕದಲ್ಲಿಯೇ ನಡೆದುಕೊಂಡು ಬಂದಿವೆ. ಮಾಧವ ಗಾಡ್ಗೀಳರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಊರಿನ ಗಿಡ, ಮೀನು, ಔಷಧಿಗಳ ತಿಳಿವಳಿಕೆಯನ್ನು ಬಲ್ಲವರಿಂದ ಕೇಳಿ ದಾಖಲಿಸುವ ಕೆಲಸದಲ್ಲಿ ತೊಡಗಿಸಿದರು; ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಆ ಪುಸ್ತಕದ ಕಲ್ಪನೆ 2002ರ ಜೀವವೈವಿಧ್ಯ ಕಾಯಿದೆಯ ಹಿನ್ನೆಲೆಯಲ್ಲಿ ಪ್ರತಿ ಸ್ಥಳೀಯ ಸಂಸ್ಥೆಯ ಕರ್ತವ್ಯವಾಯಿತು. ಅದರ ಮುಂದಿನ ಪೀಳಿಗೆಯ ಪ್ರಯತ್ನವೆನ್ನಬಹುದಾದ ಸೀಸನ್‌ವಾಚ್ ಬೆಂಗಳೂರಿನಿಂದ ನಡೆಯುತ್ತದೆ, ಅದರಲ್ಲಿ ಪಾಲ್ಗೊಳ್ಳುವವರಲ್ಲಿ ಹೆಚ್ಚಿನವರು ಕೇರಳದ ಶಾಲಾ ಮಕ್ಕಳು. ಹಲಸು, ಮಾವು, ಹುಣಿಸೆ, ಕಕ್ಕೆ ಮುಂತಾದ ಮರಗಳಲ್ಲಿ ಒಂದನ್ನು ಆಯ್ದ ಮಗು ವಾರಕ್ಕೊಮ್ಮೆ ಅದೇ ಮರದ ಬಳಿ ಹೋಗಿ, ಚಿಗುರು, ಹೂವು, ಕಾಯಿ, ಹಣ್ಣು ಇಲ್ಲವೇ, ಸ್ವಲ್ಪವೇ, ಬಹಳವೇ ಎಂದು ಮೂರರಲ್ಲಿ ಒಂದನ್ನು ಗುರುತು ಹಾಕುತ್ತದೆ. ವಿಷು ಹಬ್ಬಕ್ಕೆ ಅರಳಬೇಕಾದ ಕಕ್ಕೆ ಯಾವ ತಿಂಗಳಲ್ಲಿ ಅರಳುತ್ತಿದೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಆಧಾರ ಹುಡುಕುವಾಗ ಈ ಗುರುತುಗಳನ್ನು ತೆರೆದು ನೋಡುತ್ತಾರೆ.